ಬೂಸ್ಟ್ ಏರಿಸಿ, ಆದರೆ ಆರ್‌ಸಿಯಲ್ಲಿ ಬರೆಸಿ

ಬೆಂಗಳೂರಿನಲ್ಲಿ ಟರ್ಬೊ ಕಾರಿಗೆ ಸ್ಟೇಜ್ 1 (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದಿ ಪವರ್ ಏರಿಸುವುದು) ಹಾಕಿಸು ಅಂತ ಯಾರಾದರೂ ಹುರಿದುಂಬಿಸುವಾಗ ಒಂದು ಮಾತು ಬಂದೇ ಬರುತ್ತದೆ: “ಬರೀ ಸಾಫ್ಟ್‌ವೇರ್ ಮಗಾ, ಯಾರಿಗೂ ಗೊತ್ತಾಗಲ್ಲ.” ನಾನಿರುವ ಸ್ಟುಟ್‌ಗಾರ್ಟ್‌ನಲ್ಲಿ ಅದೇ ಕೆಲಸ ಮಾಡುವ ಒಳ್ಳೆ ಅಂಗಡಿಯವರು ಇದರ ಉಲ್ಟಾ ಹೇಳುತ್ತಾರೆ. ಪೇಪರ್ ಜೊತೆಗೇ ಕೊಡುತ್ತೇವೆ, ಗಾಡಿ ದಾಖಲೆಯಲ್ಲಿ ಬರೆಸಿಕೊಳ್ಳಬಹುದು ಅನ್ನುವುದೇ ಅವರ ಜಾಹೀರಾತು. ಅಲ್ಲಿ ಗೊತ್ತಾಗದಿರುವುದು ಹೆಚ್ಚುಗಾರಿಕೆ, ಇಲ್ಲಿ ಗೊತ್ತಿರುವುದು.

ಈ ಊರಲ್ಲಿ ಕಾರಿನ ಹುಚ್ಚಿರುವ ಕನ್ನಡಿಗರಿಗೆ ಬರವಿಲ್ಲ. ಪೋರ್ಷೆ, ಮರ್ಸಿಡಿಸ್ ಎರಡರ ಮನೆಯೂ ಇದೇ. ಬಾಷ್ ಕೂಡ ಪಕ್ಕದಲ್ಲೇ ಇದೆ. ಬೆಂಗಳೂರಿನ ಆಡುಗೋಡಿಯ ಬಾಷ್ ಕಚೇರಿಯಿಂದ ಇಲ್ಲಿಗೆ ಬಂದವರು ಸಿಗುತ್ತಲೇ ಇರುತ್ತಾರೆ. ಹಾಗಾಗಿ ಯುಗಾದಿ ಊಟದಲ್ಲೂ ಹೋಳಿಗೆ ಮುಗಿಯುವ ಮೊದಲೇ ಮಾತು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ ಬಂದು ನಿಲ್ಲುತ್ತದೆ. ಊರಲ್ಲಿರುವ ತಮ್ಮನೋ ಭಾವಮೈದುನನೋ ಪೋಲೊಗೋ ಆಕ್ಟೇವಿಯಾಗೋ ಏನೋ ಹಾಕಿಸಿರುತ್ತಾನೆ. ಎಷ್ಟು ಬೂಸ್ಟ್ ಅಂತ ಕೇಳಿದರೆ ಅವನಿಗೇ ಗೊತ್ತಿರುವುದಿಲ್ಲ. “ಸಖತ್ ಪಿಕಪ್ ಬಂದಿದೆ” ಅನ್ನುತ್ತಾನೆ, ಅಷ್ಟೇ.

ನನಗೆ ತೊಂದರೆ ಅನಿಸುವುದು ಇಲ್ಲೇ. ಬೂಸ್ಟ್ ಅಂದರೆ ಒಂದು ಸಂಖ್ಯೆ. ಟರ್ಬೊ ಎಂಜಿನ್ನಿಗೆ ಎಷ್ಟು ಒತ್ತಡದಲ್ಲಿ ಗಾಳಿ ತುಂಬುತ್ತಿದೆ ಅನ್ನುವ ಲೆಕ್ಕ. ಗಾಳಿ ಜಾಸ್ತಿ ಹೋದರೆ ಪೆಟ್ರೋಲೂ ಜಾಸ್ತಿ ಹಾಕಬಹುದು, ಪವರ್ ಏರುತ್ತದೆ. ಆದರೆ ಸೈಕಲ್ ಪಂಪು ಹೊಡೆದಾಗ ಬುಡ ಬಿಸಿಯಾಗುತ್ತದಲ್ಲ, ಹಾಗೆ ಒತ್ತಿದ ಗಾಳಿಯೂ ಕಾಯುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಇದೆ. ಅದರ ಕೈಯಲ್ಲೂ ಆಗದಷ್ಟು ಬಿಸಿಯಾದರೆ ಸಿಲಿಂಡರಿನಲ್ಲಿ ಪೆಟ್ರೋಲ್ ತನ್ನಷ್ಟಕ್ಕೆ ತಾನೇ ಸಿಡಿಯುತ್ತದೆ. ಅದೇ ನಾಕಿಂಗ್. ನಾಕ್ ಸೆನ್ಸರ್ ಕೇಳಿಸಿಕೊಂಡು ಇಸಿಯು ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. ಎಳೆದೂ ಸಾಲದೇ ಹೋದರೆ ಪಿಸ್ಟನ್ನಿನ ರಿಂಗ್‌ಗಳ ನಡುವಿನ ಭಾಗವೇ ಒಡೆದುಹೋಗುತ್ತದೆ.

ಪೆಟ್ರೋಲ್ ಈ ನಾಕಿಂಗನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿಯೇ ಆಕ್ಟೇನ್. ಇಲ್ಲಿನ ಬಂಕಿನಲ್ಲಿ ಸಾಮಾನ್ಯ ಪೆಟ್ರೋಲೇ 95 ಆಕ್ಟೇನ್. ಪಕ್ಕದ ಪಂಪಿನಲ್ಲಿ 98, ಕೆಲವು ಕಡೆ 100, 102 ಸಿಗುತ್ತದೆ. ನಮ್ಮಲ್ಲಿ ಮಾಮೂಲಿ ಪೆಟ್ರೋಲ್ ಬಹುಕಾಲ 91 ಆಗಿತ್ತು. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ 100 ಆಕ್ಟೇನಿನ ಎಕ್ಸ್‌ಪಿ100 ತಂದಿದೆ ನಿಜ, ಆದರೆ ಅದೇನು ಸಕಲೇಶಪುರ ಘಾಟಿಯ ಪ್ರತಿ ಬಂಕಿನಲ್ಲೂ ಸಿಗುತ್ತದೆಯೇ? ಯುರೋಪಿನ ಪೆಟ್ರೋಲ್ ನಂಬಿ ಬರೆದ ಇಸಿಯು ಫೈಲನ್ನು ಹಾಗೇ ತಂದು ಊರಿನ ಗಾಡಿಗೆ ತುಂಬುವವರನ್ನು ಕಂಡರೆ ನನಗೆ ಎದೆ ಧಸಕ್ಕೆನ್ನುತ್ತದೆ.

ಬೆಂಗಳೂರಿಗೆ ಇನ್ನೊಂದು ವಿಶೇಷ ಇದೆ, ಬಹಳ ಜನ ಇದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಅಲ್ಲಿನ ಗಾಳಿಯ ಒತ್ತಡ ಸುಮಾರು 0.91 ಬಾರ್. ಈಗಿನ ಕಾರುಗಳ ಇಸಿಯು ಒಟ್ಟು ಒತ್ತಡವನ್ನು ಗುರಿಯಾಗಿಟ್ಟುಕೊಂಡು ಕೆಲಸ ಮಾಡುತ್ತದೆ. ಗುರಿ 2.2 ಬಾರ್ ಅಂತಿಟ್ಟುಕೊಳ್ಳಿ. ಮಂಗಳೂರಿನಲ್ಲಿ ಟರ್ಬೊ ಹೊರಗಿನ ಗಾಳಿಯನ್ನು 2.17 ಪಟ್ಟು ಒತ್ತಿದರೆ ಸಾಕು. ಬೆಂಗಳೂರಿನಲ್ಲಿ 2.4 ಪಟ್ಟು. ವೀಕೆಂಡಿಗೆ ಊಟಿಗೆ ಹೊರಟರೆ 2.8 ದಾಟುತ್ತದೆ. ಅಂದರೆ ಅದೇ ಪವರಿಗೆ ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಗಾಳಿ ಇನ್ನೂ ಕಾಯುತ್ತದೆ. ಕಂಪನಿಯವರು ಇದನ್ನೆಲ್ಲ ಯೋಚಿಸಿಯೇ ಫೈಲಿನಲ್ಲಿ ಮಿತಿ ಹಾಕಿರುತ್ತಾರೆ. ಅವಸರದ ಟ್ಯೂನರ್ ಮೊದಲು ತೆಗೆಯುವುದೂ ಅದನ್ನೇ.

ಇನ್ನು ಇಲ್ಲಿನ ರೀತಿ. ಜರ್ಮನಿಯ ಆರ್‌ಸಿಯಲ್ಲಿ ಪಿ.2 ಅಂತ ಒಂದು ಖಾನೆ ಇದೆ. ಎಂಜಿನ್ ಎಷ್ಟು ಕಿಲೋವ್ಯಾಟ್ ಅಂತ ಅಲ್ಲಿ ಬರೆದಿರುತ್ತದೆ. ಯು.1 ಖಾನೆಯಲ್ಲಿ ನಿಂತ ಗಾಡಿಯ ಸದ್ದು ಎಷ್ಟು ಡೆಸಿಬಲ್ ಅಂತಲೂ, ಯು.2ರಲ್ಲಿ ಅದನ್ನು ಅಳೆಯಬೇಕಾದ ಆರ್‌ಪಿಎಂ ಎಷ್ಟು ಅಂತಲೂ ಇರುತ್ತದೆ. ಪವರ್ ಏರಿಸಿದರೆ ಬಿಡಿಭಾಗದ ಪರೀಕ್ಷಾ ವರದಿ ಹಿಡಿದು ಟಿಯುವಿ ಅಥವಾ ಡೆಕ್ರಾದಂಥ ವಾಹನ ತಪಾಸಣಾ ಸಂಸ್ಥೆಗೆ ಗಾಡಿ ತೋರಿಸಬೇಕು. ಆಮೇಲೆ ದಾಖಲೆ ತಿದ್ದಿಸಿ ಇನ್ಶೂರೆನ್ಸಿನವರಿಗೂ ತಿಳಿಸಬೇಕು. ಇಲ್ಲದಿದ್ದರೆ ಗಾಡಿಗೆ ರಸ್ತೆಗಿಳಿಯುವ ಪರವಾನಗಿಯೇ ರದ್ದಾಗಬಹುದು.

ಸ್ನೇಹಿತರೊಬ್ಬರ ಏಳನೇ ತಲೆಮಾರಿನ ಗಾಲ್ಫ್ ಜಿಟಿಐ ಜೊತೆ ಅಂಥ ಒಂದು ಶೆಡ್ಡಿಗೆ ನಾನೂ ಹೋಗಿದ್ದೆ. ಇನ್‌ಸ್ಪೆಕ್ಟರ್ ಗಾಡಿಯ ಕೆಳಗೆ ಟಾರ್ಚ್ ಬಿಟ್ಟು ಎಕ್ಸಾಸ್ಟಿನ ಮೇಲೆ ಕೊರೆದ ನಂಬರನ್ನು ಒಂದೊಂದೇ ಅಂಕಿ ಓದುತ್ತಾ ಪೇಪರಿನ ಜೊತೆ ತಾಳೆ ನೋಡಿದರು. ಕೊಳೆ ಮೆತ್ತಿದ್ದ ಕಡೆ ಬಟ್ಟೆಯಲ್ಲಿ ಉಜ್ಜಿ ಮತ್ತೆ ಓದಿದರು. ಆಮೇಲೆ ಸೈಲೆನ್ಸರ್ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಾಗಿ ಮೈಕ್ ನಿಲ್ಲಿಸಿ ಸದ್ದು ಅಳೆದರು. ಪವರ್ ಏರಿಸಿದ್ದಕ್ಕೆ ಒಂದು ಮಾತಿನ ಬೈಗುಳವಿಲ್ಲ. ಸಂಖ್ಯೆ ಹೊಂದಬೇಕು, ಅಷ್ಟೇ ಅವರಿಗೆ.

ಹಾಗಂತ ಇಲ್ಲಿ ಎಲ್ಲವೂ ಚಿನ್ನ ಅಂತ ನಾನು ಹೇಳಲ್ಲ. ವ್ಹೀಲ್‌ಗೆ ಬೇರೆ ಪೇಪರ್, ಸ್ಪ್ರಿಂಗಿಗೆ ಬೇರೆ ಪೇಪರ್ ಇದ್ದರೂ ಎರಡನ್ನೂ ಒಟ್ಟಿಗೆ ಹಾಕಿದರೆ ಮತ್ತೆ ತೋರಿಸಿ ಅನ್ನುತ್ತಾರೆ. ಪಾರ್ಟ್ಸಿಗೆ ಒಂದು ದುಡ್ಡು, ಪೇಪರಿಗೆ ಇನ್ನೊಂದು. ಎರಡು ವರ್ಷಕ್ಕೊಮ್ಮೆ ಬರುವ ತಪಾಸಣೆಗೆ ಮುಂಚೆ ಹಳೇ ಫೈಲ್ ಹಾಕಿಸಿಕೊಂಡು ಬರುವ ಚಾಲಾಕಿಗಳು ಇಲ್ಲೂ ಇದ್ದಾರೆ.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. ಇರುವುದು ಬಲು ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತಾಯಿತು. ಆದರೆ ಹಿಡಿಯುವುದು ಹೇಗೆ? ಎಮಿಷನ್ ಟೆಸ್ಟ್ ಮಾಡುವುದು ನಿಂತ ಗಾಡಿಯಲ್ಲಿ. ನಿಂತ ಗಾಡಿಯಲ್ಲಿ ಬೂಸ್ಟೇ ಇರುವುದಿಲ್ಲ. ಪೊಲೀಸರ ಕೈಗೆ ಸಿಗುವುದು ಸೈಲೆನ್ಸರ್ ಸದ್ದು ಮಾತ್ರ. ಹಾಗಾಗಿ ಅತಿ ಅಪಾಯದ ಬದಲಾವಣೆಯೇ ಸುಲಭವಾಗಿ ಪಾರಾಗುತ್ತದೆ.

ಪೂರ್ತಿ ನಿಷೇಧದ ಫಲ ಏನೆಂದರೆ, ಒಳ್ಳೆ ಟ್ಯೂನರೂ ಕಳ್ಳ ಟ್ಯೂನರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮ ಹುಡುಗರಲ್ಲಿ ನಿಜವಾಗಿ ಕೆಲಸ ಬಲ್ಲವರಿದ್ದಾರೆ. ಮೇ ತಿಂಗಳ ಬಿಸಿಲಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಗೇರ್ ಗೇರಿಗೂ ಎಂಜಿನ್ನಿನ ಅಂಕಿಗಳ ಲಾಗ್ ತೆಗೆದು, ಊರಿನ ಪೆಟ್ರೋಲಿಗೆ ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲಿಸುವವರು. ಇಷ್ಟು ಕಷ್ಟದ ಪೆಟ್ರೋಲಿನಲ್ಲಿ ಜರ್ಮನಿಯವರು ಟ್ಯೂನ್ ಮಾಡಿ ತೋರಿಸಲಿ ನೋಡೋಣ! ಆದರೆ ಆ ಹುಡುಗನೂ ಬಿಲ್ಲಿನಲ್ಲಿ “ಜನರಲ್ ಸರ್ವಿಸ್” ಅಂತಲೇ ಬರೆಯಬೇಕು. ಹಳೆಯ ಪೋಲೊ ಜಿಟಿ ಟಿಎಸ್‌ಐ ನೋಡಿ. ಕಂಪನಿ ಕೊಟ್ಟದ್ದು 105 ಪಿಎಸ್ ಪವರ್, 175 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಅದರ ಡಿಎಸ್‌ಜಿ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಮಿತಿ 250 ಎನ್‌ಎಂ. ಹಿಂದಿನ ಓನರ್ ಎಲ್ಲಿಯವರೆಗೆ ಏರಿಸಿದ್ದ ಅಂತ ಸೆಕೆಂಡ್ ಹ್ಯಾಂಡ್ ಕೊಳ್ಳುವವನಿಗೆ ತಿಳಿಯುವ ದಾರಿಯೇ ಇಲ್ಲ.

ಮಧ್ಯದ ದಾರಿ ನಮ್ಮಲ್ಲೇ ಇದೆ. ಸಿಎನ್‌ಜಿ ಕಿಟ್ ಹಾಕಿಸುವಾಗ ಏನು ಮಾಡುತ್ತೇವೆ? ಒಪ್ಪಿಗೆ ಪಡೆದ ಕಿಟ್, ಒಪ್ಪಿಗೆ ಪಡೆದ ಅಂಗಡಿ, ಆರ್‌ಟಿಒ ತಪಾಸಣೆ, ಆರ್‌ಸಿಯಲ್ಲಿ ನಮೂದು, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟ್. ಸೀಟಿನ ಹಿಂದೆ 200 ಬಾರ್ ಒತ್ತಡದ ಸಿಲಿಂಡರ್ ಇಡಲು ಒಪ್ಪುವ ಸರ್ಕಾರಕ್ಕೆ, ಬೂಸ್ಟಿನಲ್ಲಿ ಅರ್ಧ ಬಾರ್ ಏರಿಸುವುದಕ್ಕೆ ಒಂದು ನಿಯಮ ಬರೆಯುವುದು ಆಗದ ಕೆಲಸವೇನಲ್ಲ. ಕಿಟ್ ಜಾಗದಲ್ಲಿ ಪರೀಕ್ಷೆಯಾದ ಫೈಲ್, ಅದಕ್ಕೆ ಬೇಕಾದ ಆಕ್ಟೇನ್, ಡೈನೊ (ಪವರ್ ಅಳೆಯುವ ಯಂತ್ರ) ಮೇಲೆ ಬಂದ ಪವರ್, ಇವಿಷ್ಟು ಆರ್‌ಸಿಯಲ್ಲಿ ಬರೆಸಿದರೆ ಸಾಕು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತವರಿಗೆ ಮಾತ್ರ ಯಾವ ರಿಯಾಯಿತಿಯೂ ಬೇಡ.

ಇದನ್ನು ಹೇಳಿದರೆ ಊರಿನ ಗೆಳೆಯರು ನಗುತ್ತಾರೆ. “ಆರ್‌ಟಿಒದಲ್ಲಿ ಏಜೆಂಟ್‌ಗೆ ಇನ್ನೊಂದು ದಾರಿ ಮಾಡಿಕೊಟ್ಟಂಗೆ ಅಷ್ಟೇ ಕಣೋ” ಅನ್ನುತ್ತಾರೆ. ಇರಬಹುದು. ಆದರೂ ಏಜೆಂಟ್ ಕೈಯಲ್ಲಿ ಬರೆಸಿದ ನಮೂದಿನಲ್ಲೂ ಟ್ಯೂನ್ ಮಾಡಿದ ಅಂಗಡಿಯ ಹೆಸರಿರುತ್ತದೆ. ಎಂಜಿನ್ ಒಡೆದ ದಿನ ಅಷ್ಟಾದರೂ ಕೈಯಲ್ಲಿರುತ್ತದೆ.