ಮ್ಯಾಜಿಸ್ಟ್ರೇಟ್ ಆದ ತಕ್ಷಣ ಮಕ್ಕಳ ಕೇಸ್ ಕೇಳಬಹುದಾ? ಇಲ್ಲ

ಇಂಗ್ಲೆಂಡಿನಲ್ಲಿ ಕಾನೂನು ಓದದ ಯಾರು ಬೇಕಾದರೂ ಮ್ಯಾಜಿಸ್ಟ್ರೇಟ್ ಆಗಿ, ಮರುದಿನವೇ ಮಕ್ಕಳ ಕೇಸಿನ ತೀರ್ಪು ಕೊಡಬಹುದು ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಅರ್ಧ ಮಾತ್ರ ನಿಜ.

ಕಾನೂನು ಪದವಿ ಬೇಡ, ಸಂಬಳವೂ ಇಲ್ಲ, ಅದು ಸರಿ. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಯೂತ್ ಕೋರ್ಟಿನಲ್ಲಿ, ಅಂದರೆ 10ರಿಂದ 17 ವರ್ಷದವರ ಅಪರಾಧದ ಕೇಸುಗಳು ಬರುವ ಕಡೆ, ಕೂರಬೇಕಾದರೆ ಬೇರೆಯೇ ಅಧಿಕಾರ ಬೇಕು. 1933ರ ಮಕ್ಕಳ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಅದನ್ನು ಕೊಡುವುದು ಅಲ್ಲಿನ ನ್ಯಾಯಾಂಗದ ಮುಖ್ಯಸ್ಥರಾದ ಲಾರ್ಡ್ ಚೀಫ್ ಜಸ್ಟಿಸ್. ಎಲ್ಲ ಕಡತವನ್ನೂ ಅವರೇ ನೋಡುವುದಿಲ್ಲ, ಅವರ ಪರವಾಗಿ ಬೇರೆಯವರು ಮಾಡುತ್ತಾರೆ. ಅದಕ್ಕೂ ಮುಂಚೆ ತರಬೇತಿ ಆಗಿರಬೇಕು. ಸಾಮಾನ್ಯವಾಗಿ ದೊಡ್ಡವರ ಕೇಸುಗಳಲ್ಲಿ ಕೂತು ಅನುಭವ ಬಂದಮೇಲೆಯೇ ಈ ಕಡೆ ಬರುತ್ತಾರೆ.

ಫ್ಯಾಮಿಲಿ ಕೋರ್ಟ್ ಕಥೆ ಬೇರೆ. 2014ರ ಏಪ್ರಿಲ್‌ನಲ್ಲಿ ಶುರುವಾದ ಈ ಕೋರ್ಟಿಗೂ ಪ್ರತ್ಯೇಕ ಅಧಿಕಾರ, ಪ್ರತ್ಯೇಕ ತರಬೇತಿ ಬೇಕು. ಆದರೆ ಈಗ ನೇರವಾಗಿ ಇದಕ್ಕೇ ಅರ್ಜಿ ಹಾಕಬಹುದು, ಮೊದಲು ಅಪರಾಧದ ಕೇಸ್ ಕೇಳಿರಲೇಬೇಕು ಅಂತಿಲ್ಲ. ಮಗು ಅಪ್ಪನ ಹತ್ತಿರ ಇರಬೇಕಾ, ಅಮ್ಮನ ಹತ್ತಿರವಾ, ಇಲ್ಲ ಮನೆಯಿಂದಲೇ ಬೇರೆ ಕಡೆ ಇರಿಸಬೇಕಾ ಅನ್ನುವಂಥ ಪ್ರಶ್ನೆಗಳು ಇಲ್ಲಿಗೆ ಬರುತ್ತವೆ. ಇಷ್ಟು ಭಾರದ ಕೆಲಸಕ್ಕೆ ಸುಮ್ನೆ ಯಾರನ್ನೋ ಕೂರಿಸುವುದಿಲ್ಲ, ಅಲ್ವಾ? ಜೊತೆಗೆ ಕಾನೂನು ಹೇಳಿಕೊಡಲು ತರಬೇತಾದ ಲೀಗಲ್ ಅಡ್ವೈಸರ್ ಇರುತ್ತಾರೆ.

ಅಲ್ಲಿರುವ ನಮ್ಮವರು ಮ್ಯಾಜಿಸ್ಟ್ರೇಟ್ ಆಗಬೇಕೆಂದಿದ್ದರೆ, ತರಬೇತಿ ಇಲ್ಲದೆ ಮರುದಿನವೇ ಕೂರಿಸುತ್ತಾರೆ ಅಂತ ಆ ಮೆಸೇಜ್ ನಂಬಿ ಹಿಂಜರಿಯಬೇಡಿ. ಸ್ಕಾಟ್ಲೆಂಡಿನ ವ್ಯವಸ್ಥೆ ಪೂರ್ತಿ ಬೇರೆ, ಇದನ್ನು ಅಲ್ಲಿಗೆ ಅನ್ವಯಿಸಬೇಡಿ.