23ನೇ ಸುತ್ತಿಗೆ ‘ಆಯ್ತಾ?’

ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು... ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು. “ಏನಮ್ಮಾ, ಆಯ್ತಾ?” ಎಣಿಕೆ ಹೋಯ್ತು. ಮತ್ತೆ ಒಂದರಿಂದ.

ಸೀರೆಗೆ ಕುಚ್ಚು ಕಟ್ಟುವವರಿಗೆ ಕಾಟಗಳು ಬಹಳ. ಬೆಕ್ಕು, ಫ್ಯಾನು, ಕತ್ತರಿ ಕದ್ದೊಯ್ಯುವ ಮಕ್ಕಳು. ಎಲ್ಲಕ್ಕೂ ‘ಆಯ್ತಾ?’ದ ನಂತರದ ಸ್ಥಾನ. ಸೀರೆ ಕೈಸೇರುವುದು ಗುರುವಾರ, ಮುಹೂರ್ತ ಭಾನುವಾರ, ಮೊದಲ ‘ಆಯ್ತಾ?’ ಶುಕ್ರವಾರ ಕಾಫಿ ಹೊತ್ತಿಗೆ. ಹಿಂದೆಯೇ ಒಂದು ಬಾಲ: “ಗಂಟು ಹಾಕೋದು ತಾನೆ?”

ಹೌದು, ಗಂಟೇ. ಸೆರಗಿನ ಅಗಲ ಸುಮಾರು 46 ಇಂಚು. ಇಂಚಿಗೊಂದರಂತೆ ಕಟ್ಟಿದರೂ 47 ಕುಚ್ಚು. ಒಂದಕ್ಕೆ ಐದು ನಿಮಿಷವೆಂದರೆ ನಾಲ್ಕು ಗಂಟೆ ಹತ್ತಿರ. ಹಾಲು ಉಕ್ಕಿದ್ದು, ಕರೆಂಟು ಹೋಗಿದ್ದು ಈ ಲೆಕ್ಕದಲ್ಲಿಲ್ಲ.

ಮೊದಲು ಸೆರಗಿನ ಅಂಚು ಮಡಿಸಿ ಹೊಲಿದಿರಬೇಕು. ಇಲ್ಲದಿದ್ದರೆ ಕುಚ್ಚು ಹೊಕ್ಕಿನ ಅಡ್ಡ ಎಳೆಯನ್ನೂ ಹಿಡಿದುಕೊಂಡು ಕೆಳಗಿಳಿಯುತ್ತದೆ. ಒಂದು ತುದಿಯಿಂದ ಅಳೆಯುತ್ತಾ ಹೋದರೆ ಕೊನೆಗೆ ಮುಕ್ಕಾಲು ಇಂಚು ಉಳಿದು ಅಣಕಿಸುತ್ತದೆ. ಸೆರಗು ಮಡಿಸಿ ನಡುವಿಗೊಂದು ಗುಂಡುಪಿನ್ನು, ಆಮೇಲೆ ಅರ್ಧದ ಅರ್ಧಕ್ಕೆ. ದಾರವನ್ನು ಮಕ್ಕಳ ಪರೀಕ್ಷೆ ಪ್ಯಾಡಿಗೆ 25 ಸುತ್ತು ಸುತ್ತಿ, ಒಂದು ಕಡೆ ಕತ್ತರಿಸಿ, ಆ ಕಂತೆಯನ್ನು ದೊಡ್ಡ ಕಣ್ಣಿನ ಸೂಜಿಗೆ ಪೋಣಿಸಬೇಕು. ಕಣ್ಣು ದೊಡ್ಡದಿರಲಿ ಅಂತ ದಬ್ಬಳ ತಂದರೆ ರೇಷ್ಮೆಯಲ್ಲಿ ತೂತು ಉಳಿಯುತ್ತದೆ. ಅರ್ಧ ಆಚೆ, ಅರ್ಧ ಈಚೆ ಬರುವಂತೆ ಎಳೆದು, ಕುತ್ತಿಗೆಗೆ ಜರಿ ದಾರ ನಾಲ್ಕು ಸುತ್ತು. ಬಿಗಿ ಹೆಚ್ಚಾದರೆ ಸೆರಗು ಮುಖ ಸಿಂಡರಿಸುತ್ತದೆ, ಕಮ್ಮಿಯಾದರೆ ಛತ್ರದಲ್ಲೇ ಬಿಚ್ಚುತ್ತದೆ. ಅಂಟು ಗುಂಡುಪಿನ್ನಿನ ಮೊನೆಯಷ್ಟು ಸಾಕು; ಟ್ಯೂಬು ಅಮುಕಿದಿರೋ, ಎಣ್ಣೆ ಬಿದ್ದಂಥ ಕಲೆ. ಬಣ್ಣ ಬಿಡುತ್ತದೋ ಎಂದು ದಾರವನ್ನು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡುವುದು ಕಟ್ಟುವ ಮೊದಲು, ಕಟ್ಟಿದ ಮೇಲಲ್ಲ. (ರೇಷ್ಮೆ ಗೂಡಿನ ಮಾರುಕಟ್ಟೆ ಇರುವ ಊರಲ್ಲಿ ಕೂತು ನಾವು ಕಟ್ಟುವ ‘ಸಿಲ್ಕ್ ದಾರ’ ಬಹುಪಾಲು ರೇಯಾನು. ಹುಳುವಿಗೆ ಹೇಳಬೇಡಿ.)

ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಹಾಕಿದರೆ ಎಳೆ ಹಾರುತ್ತದೆ, ಆರಿಸಿದರೆ ಬೆವರಿದ ಕೈ ಸೀರೆಗೆ ತಾಗುತ್ತದೆ. ಹಾಗಾಗಿ ಬೆಳಗಿನ ಐದೂವರೆಯೇ ವಾಸಿ. ಹತ್ತನೇ ಕುಚ್ಚಿನ ಹೊತ್ತಿಗೆ ಕೈಯೇ ಎಣಿಸತೊಡಗುತ್ತದೆ, ತಲೆ ಖಾಲಿಯಾಗಿ ಹಗುರಾಗುತ್ತದೆ. ‘ಆಯ್ತಾ?’ ಇನ್ನೂ ಹಾಸಿಗೆಯಲ್ಲಿರುತ್ತದೆ.

ಎದ್ದ ಮೇಲೆ ಅದಕ್ಕೆ ನಾನಾ ವೇಷ. ಫೋನಿನಲ್ಲಿ ಬರುತ್ತದೆ. “ಅಮ್ಮ ಕೇಳ್ಕೊಂಡ್ ಬಾ ಅಂದ್ರು” ಎಂದು ಮೊಮ್ಮಗನ ಬಾಯಲ್ಲಿ ಬರುತ್ತದೆ. “ಇಲ್ಲೇ ಸೊಪ್ಪಿಗೆ ಬಂದಿದ್ದೆ” ಎಂದು ಖಾಲಿ ಚೀಲ ಹಿಡಿದು ಬರುತ್ತದೆ. ಎಲ್ಲಕ್ಕಿಂತ ಅಪಾಯಕಾರಿ, “ಅವಸರ ಏನಿಲ್ಲಮ್ಮ, ಸುಮ್ನೆ ಕೇಳ್ದೆ.” ಅದು ಬಂದ ಮೇಲೆ ಕೂತೇಬಿಡುತ್ತದೆ, ಕಟ್ಟಿದ ಕುಚ್ಚುಗಳನ್ನು ಬೆರಳಲ್ಲಿ ಒಂದೊಂದಾಗಿ ಎಣಿಸಿ, “ಇನ್ನಾ ಹತ್ತೊಂಬತ್ತೇನಾ?” ಅನ್ನುತ್ತದೆ. ಆ ಗಳಿಗೆಯಲ್ಲಿ ಕಟ್ಟಿದ ಇಪ್ಪತ್ತನೆಯದು ಯಾವತ್ತೂ ಬಡಕಲು.

ಬೇರೆ ಊರಾಗಿದ್ದರೆ ಸುಮ್ಮನಿರಬಹುದಿತ್ತು. ಇದು ಶಿಡ್ಲಘಟ್ಟ. ರೇಷ್ಮೆ ಹುಳು ನಾಲ್ಕು ಜ್ವರ (ಪೊರೆ ಬಿಡುವ ನಿದ್ದೆ) ದಾಟಬೇಕು, ಜ್ವರಕ್ಕೆ ಕೂತಾಗ ಸೊಪ್ಪು ಹಾಕದೆ ಕಾಯಬೇಕು, ಹಣ್ಣಾಗದ ಹುಳುವನ್ನು ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಟ್ಟರೆ ಗೂಡು ತೆಳ್ಳಗಾಗುತ್ತದೆ ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ಮೂರು ವಾರ ದಾಟುವ ಆ ಕೆಲಸದಲ್ಲಿ ಯಾರಾದರೂ ತಟ್ಟೆಯ ಮೇಲೆ ಬಗ್ಗಿ ಹುಳುವನ್ನು “ಏನಪ್ಪಾ, ಆಯ್ತಾ?” ಎಂದು ಕೇಳಿದ್ದುಂಟೇ? ಅದೇ ಮನೆಯಿಂದ ಸೀರೆ ಬರುತ್ತದೆ, ಸೀರೆಯ ಹಿಂದೆ ಅವರು ಬರುತ್ತಾರೆ.

ಹಿಂದೆ ಸೆರಗಿನ ತುದಿಯಲ್ಲಿ ನೇಯದೆ ಬಿಟ್ಟ ಹಾಸಿನ ಉದ್ದ ಎಳೆಗಳನ್ನೇ ಹೊಸೆದು ಗಂಟು ಹಾಕುತ್ತಿದ್ದರು. ಸೂಜಿಯಿಲ್ಲ, ಅಂಟಿಲ್ಲ, ಬೆರಳೇ ಅಳತೆ. ಜಗಲಿಯಲ್ಲಿ ಸೀರೆ ಹರಡಿಕೊಂಡರೆ ಕೇಳಲು ಬಂದವರೂ ಕೂತು ಇನ್ನೊಂದು ತುದಿಯಿಂದ ಕಟ್ಟುತ್ತಾ ಬರುತ್ತಿದ್ದರು. ನಡುವಿನಲ್ಲಿ ಇಬ್ಬರ ಕೈ ಸೇರಿದಾಗ ಸೀರೆ ಮುಗಿದಿರುತ್ತಿತ್ತು.

ಈಗ ಭಾನುವಾರ ಛತ್ರದಲ್ಲಿ ಕುಚ್ಚು ಬೆನ್ನ ಹಿಂದೆ ನೇತಾಡುತ್ತದೆ, ಉಟ್ಟವರಿಗೇ ಕಾಣುವುದಿಲ್ಲ. ಹಿಂದಿನ ಸಾಲಿನ ಮಗು ಮಾತ್ರ ಮಂಗಳಸೂತ್ರ ಕಟ್ಟುವಷ್ಟರಲ್ಲಿ ಮೂರು ಮೂರು ಕುಚ್ಚು ಸೇರಿಸಿ ಜಡೆ ಹೆಣೆದಿರುತ್ತದೆ, ಎಷ್ಟು ತಾಳ್ಮೆಯಿಂದ!

ಸೋಮವಾರ ಸೀರೆ ವಾಪಸು. “ಇದೊಂಚೂರು ಬಿಡಿಸಿಕೊಡಮ್ಮಾ. ಸಂಜೆಯೊಳಗೆ ಆಗುತ್ತಲ್ವಾ?”