ಎಡಗಡೆ ಬರ್ನರ್ ಪುರಾಣ

ಮನೆಯಲ್ಲಿ ಫ್ಯಾನ್ ಕೆಟ್ಟರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಹೋಗುತ್ತದೆ, ನಲ್ಲಿ ಸೋರಿದರೆ ಪ್ಲಂಬರ್‌ಗೆ. ಗ್ಯಾಸ್ ಸ್ಟವ್ ಕೆಟ್ಟರೆ ಮಾತ್ರ ಮೊದಲು ಸಭೆ ಸೇರುತ್ತದೆ. ಯಾಕೆಂದರೆ ಸ್ಟವ್ ಬಗ್ಗೆ ಎಲ್ಲರಿಗೂ ಎಲ್ಲವೂ ಗೊತ್ತು, ದಿನಾ ಅದರ ಮುಂದೆ ನಿಲ್ಲುವ ನನ್ನೊಬ್ಬಳನ್ನು ಬಿಟ್ಟು.

ಒಂದು ಭಾನುವಾರ ದೋಸೆ ಹೊತ್ತಿಗೆ ನಮ್ಮ ಸ್ಟವ್‌ನ ಎಡಗಡೆ ದೊಡ್ಡ ಬರ್ನರ್ ಮುನಿಸಿಕೊಂಡಿತು. ಒಂದು ಪಕ್ಕ ಉರಿ, ಇನ್ನೊಂದು ಪಕ್ಕ ಶೂನ್ಯ. ದೋಸೆ ಈ ಕಡೆ ಸೀದು ಆ ಕಡೆ ಹಸಿ. "ಸಿಲಿಂಡರ್‌ನೋರು ಗ್ಯಾಸ್ ಕಮ್ಮಿ ತುಂಬಿದಾರೆ" ಎಂದು ಅತ್ತೆ ತೀರ್ಪು ಕೊಟ್ಟರು. "ಪ್ರೆಷರ್ ಡೌನ್ ಆಗಿದೆಯಮ್ಮ" ಎಂದರು ಅವರ ಮಗ, ಅಂದರೆ ನಮ್ಮನೆಯವರು. ಪೇಪರ್ ಓದಿ ವಾಪಸ್ ಕೊಡಲು ಬಂದಿದ್ದ ಎದುರುಮನೆ ಮೇಷ್ಟ್ರು ಬಾಗಿಲಲ್ಲೇ ನಿಂತು, "ಸಿಲಿಂಡರನ್ನ ಸ್ವಲ್ಪ ವಾಲಿಸಿ ಇಡಿ, ತಳದಲ್ಲಿರೋದೆಲ್ಲ ಬರುತ್ತೆ" ಎಂದು ಸಲಹೆ ಕೊಟ್ಟರು.

ಮೇಷ್ಟ್ರು ಪಾಠ ಮಾಡಿದ್ದು ಇತಿಹಾಸ, ಹಾಗಾಗಿ ಅವರನ್ನು ಕ್ಷಮಿಸಬಹುದು. ಸಿಲಿಂಡರ್ ಒಳಗಿರುವುದು ದ್ರವ. ಅದು ಮೇಲ್ಭಾಗದಲ್ಲಿ ಅನಿಲವಾಗಿ ಹೊರಗೆ ಬರಬೇಕು. ವಾಲಿಸಿದರೆ ದ್ರವವೇ ರೆಗ್ಯುಲೇಟರ್ ಕಡೆ ನುಗ್ಗುತ್ತದೆ. ಸಿಲಿಂಡರನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿ ಎನ್ನುವುದು ಅದಕ್ಕೇ.

ಗ್ಯಾಸ್ ಎಷ್ಟಿದೆ ಎಂದು ಪತ್ತೆ ಮಾಡಲು ನಮ್ಮನೆಯವರು ರೆಗ್ಯುಲೇಟರ್ ಬಿಚ್ಚಿ, ಸಿಲಿಂಡರನ್ನು ತಬ್ಬಿಕೊಂಡು ಹೋಗಿ, ನಾನು ತೂಕ ನೋಡಿಕೊಳ್ಳುವ ಯಂತ್ರದ ಮೇಲೆ ಕೂರಿಸಿದರು. ಸಿಲಿಂಡರ್ ಮೇಲೆ ಬರೆದಿರುವ ಖಾಲಿ ತೂಕ ಕಳೆದರೆ ಉಳಿದದ್ದು ಗ್ಯಾಸು. ತುಂಬಿದಾಗ ಅದು 14.2 ಕೆ.ಜಿ. ಲೆಕ್ಕ ಹಾಕಿದರೆ ಅರ್ಧಕ್ಕಿಂತ ಜಾಸ್ತಿಯೇ ಇತ್ತು. ಏಜೆನ್ಸಿಯವರು ಖುಲಾಸೆಯಾದರು. ಪ್ರೆಷರ್ ವಾದವೂ ಬಿದ್ದುಹೋಯಿತು. ಸಿಲಿಂಡರಿನಲ್ಲಿ ದ್ರವ ಇರುವಷ್ಟು ದಿನ ಒತ್ತಡ ಇದ್ದೇ ಇರುತ್ತದೆ, ರೆಗ್ಯುಲೇಟರ್ ಅದನ್ನು ಸುಮಾರು 30 ಮಿಲಿಬಾರ್‌ಗೆ ಇಳಿಸಿ ಒಂದೇ ಸಮನೆ ಕಳಿಸುತ್ತದೆ. ಅಷ್ಟೆಲ್ಲ ಯಾಕೆ, ಪಕ್ಕದ ಬರ್ನರ್ ಚೆನ್ನಾಗಿಯೇ ಉರಿಯುತ್ತಿತ್ತು. ಅದನ್ನು ನಾನು ಮೊದಲೇ ಹೇಳಿದ್ದೆ. ಸಭೆಯಲ್ಲಿ ದಾಖಲಾಗಲಿಲ್ಲ.

ಅಸಲಿಗೆ ಹಿಂದಿನ ಸಂಜೆ ಆ ಬರ್ನರ್ ಮೇಲೆ ಹಾಲು ಉಕ್ಕಿ ಹರಿದಿತ್ತು. ಹಾಲಿಟ್ಟು ಮೊಬೈಲ್ ನೋಡುತ್ತಾ ನಿಂತಿದ್ದವರು ಯಾರು ಎಂಬ ವಿಷಯ ತನಿಖೆಯ ವ್ಯಾಪ್ತಿಗೆ ಬರಲಿಲ್ಲ. ಬರ್ನರ್‌ನ ತಲೆಯನ್ನು ಬಿಸಿನೀರು, ಸೋಪಿನಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ತೂತುಗಳನ್ನು ಬಿಡಿಸಿ ಪೂರ್ತಿ ಒಣಗಿಸಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಮ್ಮನೆಯವರು ಅಷ್ಟರಲ್ಲಿ ವಿಡಿಯೋ ನೋಡಿಬಿಟ್ಟಿದ್ದರು. ಹಾಲ್‌ನಲ್ಲಿ ಪೇಪರ್ ಹಾಸಿ, ಸ್ಟವ್ ಬೋರಲು ಹಾಕಿ, ಎರಡೂ ಜೆಟ್ ಬಿಚ್ಚಿ ಸಾಲಾಗಿ ಇಟ್ಟರು.

ಈ ಜೆಟ್ ಎನ್ನುವುದು ಬೆರಳ ತುದಿಯಷ್ಟು ಹಿತ್ತಾಳೆ ತುಂಡು, ನಡುವೆ ಕಣ್ಣು ಕಿರಿದು ಮಾಡಿಕೊಂಡು ಹುಡುಕಬೇಕಾದ ತೂತು. ಇಡೀ ಸ್ಟವ್‌ನ ಪ್ರಾಣ ಅದರಲ್ಲಿದೆ. ಅದರಿಂದ ರಭಸವಾಗಿ ನುಗ್ಗುವ ಗ್ಯಾಸು ಅಕ್ಕಪಕ್ಕದ ಗಾಳಿಯನ್ನೂ ಎಳೆದುಕೊಂಡು ಕೊಳವೆಯಲ್ಲಿ ಬೆರೆತು ಬರ್ನರ್‌ಗೆ ಬರುತ್ತದೆ. ಹದವಾಗಿ ಬೆರೆತರೆ ನೀಲಿ ಉರಿ. ಗ್ಯಾಸು ಹೆಚ್ಚಾದರೆ ಅಥವಾ ಗಾಳಿ ಕಮ್ಮಿಯಾದರೆ ಹಳದಿ ಉರಿ, ಪಾತ್ರೆಗೆ ಮಸಿ, ಜೊತೆಗೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್. ಪಿಯುಸಿ ಲ್ಯಾಬಿನ ಬುನ್ಸೆನ್ ಬರ್ನರ್ ನಡೆಯುವುದೂ ಹೀಗೆಯೇ.

ಅತ್ತೆ ತಮ್ಮ ಗುಂಡಿ, ಪಿನ್ನುಗಳ ಡಬ್ಬಿಯಿಂದ ಸೀಮೆಎಣ್ಣೆ ಸ್ಟವ್ ಕಾಲದ ಪಿನ್ ಹುಡುಕಿ ತೆಗೆದರು. ತಗಡಿನ ಪಟ್ಟಿಯ ತುದಿಗೆ ಕೂದಲೆಳೆಯಂಥ ತಂತಿ. "ಇದರಲ್ಲಿ ಮೆತ್ತಗೆ ಚುಚ್ಚೋ" ಎಂದರು. ಅದು ಬಾಗಿತು. ಮಗರಾಯ ಹೋಗಿ, ಅಕ್ಕಿ ಮೂಟೆ ಹೊಲಿಯುವ ದಬ್ಬಳ ತಂದ.

ದಬ್ಬಳ ತಿರುವಿದ ಮೇಲೆ ಜೆಟ್ಟಿನ ತೂತು ತೂತಾಗಿ ಉಳಿಯಲಿಲ್ಲ, ಕಿಟಕಿಯಾಯಿತು. ಸಾಲದ್ದಕ್ಕೆ, ವಾಪಸ್ ಹಾಕುವಾಗ ದೊಡ್ಡ ಬರ್ನರ್‌ನದು ಸಣ್ಣದಕ್ಕೆ, ಸಣ್ಣದರದು ದೊಡ್ಡದಕ್ಕೆ. ಎರಡರ ತೂತಿನ ಅಳತೆ ಬೇರೆ ಎಂದು ವಿಡಿಯೋದವನು ಹೇಳಿರಲಿಲ್ಲವಂತೆ. ಆಮೇಲೆ ನಾಬ್ ತಿರುಗಿಸಿಟ್ಟುಕೊಂಡು ಲೈಟರ್ ಟಿಕ್ ಟಿಕ್ ಟಿಕ್ ಅನ್ನಿಸುತ್ತಲೇ ಹೋದರು. ಲೈಟರ್ ಒಳಗಿನ ತುಂಡಿಗೆ ಪೆಟ್ಟು ಬಿದ್ದಾಗ ವಿದ್ಯುತ್ ಹುಟ್ಟುವ ಗುಣವನ್ನು ಕ್ಯೂರಿ ಸಹೋದರರು ಕಂಡುಹಿಡಿದದ್ದು 1880ರಲ್ಲಿ. ನಮ್ಮ ಲೈಟರ್ ಕೂಡ ಆಗಿನದೇ ಇರಬೇಕು ಎನ್ನುವಂತೆ ಕಿಡಿ ಬರಲೇ ಇಲ್ಲ. ಹತ್ತದಿದ್ದರೆ ನಾಬ್ ಆಫ್ ಮಾಡಿ, ಗ್ಯಾಸು ಚದುರುವವರೆಗೆ ತಡೆದು ಮತ್ತೆ ಹಚ್ಚಬೇಕು. "ಆಫ್ ಮಾಡ್ರೀ" ಎನ್ನುವಷ್ಟರಲ್ಲಿ ಬುಸ್ಸೆಂದಿತು. ಮುಂಗೈ ಕೂದಲಷ್ಟೇ ಕರಟಿ ಹೋದದ್ದು ಮನೆದೇವರ ದಯೆ. ಸಣ್ಣ ಬರ್ನರ್‌ನಲ್ಲಿ ಹಳದಿ ಉರಿ ಎದ್ದು ಕುಣಿಯಿತು. ಸಾರಿನ ಪಾತ್ರೆಯ ತಳ ಕಪ್ಪಾಯಿತು. "ಫ್ಲೇಮ್ ಈಗ ಜೋರಾಗಿದೆ ನೋಡು" ಎಂದು ನಮ್ಮನೆಯವರು ಎದೆಯುಬ್ಬಿಸಿದರು.

ಮರುದಿನ ಬೆಳಿಗ್ಗೆ ಅತ್ತೆ ಅಡುಗೆಮನೆ ಬಾಗಿಲಲ್ಲೇ ನಿಂತು ಮೂಗರಳಿಸಿದರು. "ಗ್ಯಾಸ್ ವಾಸ್ನೆ!" ರಿಪೇರಿ ಆದ ಮನೆಯಲ್ಲಿ ಈ ಮಾತಿಗೆ ಸಾಕ್ಷಿ ಬೇಕಿಲ್ಲ. ನಮ್ಮನೆಯವರು ಎಕ್ಸಾಸ್ಟ್ ಫ್ಯಾನ್ ಸ್ವಿಚ್ಚಿಗೆ ಕೈ ಚಾಚಿದರು. "ಮುಟ್ಟಬೇಡ್ವೋ!" ಎಂದು ಅತ್ತೆ ಕೂಗಿದ ರಭಸಕ್ಕೆ ಬೀದಿನಾಯಿಯೂ ಎದ್ದು ಹೋಯಿತು. ಸರಿಯಾಗಿಯೇ ಕೂಗಿದ್ದು. ಸ್ವಿಚ್ ಹಾಕಿದರೂ ಕಿಡಿ, ಆರಿಸಿದರೂ ಕಿಡಿ, ಗಾಳಿಯಲ್ಲಿ ಶೇ. 2ರಷ್ಟು ಗ್ಯಾಸ್ ಬೆರೆತಿದ್ದರೆ ಅಷ್ಟು ಸಾಕು. ನಾನು ರೆಗ್ಯುಲೇಟರ್ ಆಫ್ ಮಾಡಿ ಹಿತ್ತಲ ಬಾಗಿಲು ತೆಗೆದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಳ್ಳುತ್ತದೆ. ಮೇಲಿನ ಕಿಟಕಿಯೊಂದನ್ನೇ ತೆರೆದರೆ ಹೋಗುವುದಿಲ್ಲ. ಅಡುಗೆಮನೆಯೊಳಗೇ ನಿಂತು 1906 ಒತ್ತುತ್ತಿದ್ದ ಗಂಡನನ್ನು ಮೊಬೈಲ್ ಸಮೇತ ಅಂಗಳಕ್ಕೆ ಅಟ್ಟಿದೆ. ಸಹಾಯವಾಣಿ ಅದೇ ಹೌದು, ಆದರೆ ಫೋನ್ ಮಾಡಬೇಕಾದ್ದು ಹೊರಗೆ ಹೋಗಿ. ಮೇಷ್ಟ್ರು ಗೇಟಿನಾಚೆಯಿಂದ, "ಬೆಂಕಿಕಡ್ಡಿ ಗೀರಿ ನೋಡಿದ್ರೆ ಎಲ್ಲಿ ಲೀಕು ಅಂತ ಗೊತ್ತಾಗುತ್ತೆ" ಎಂದರು. ಅತ್ತೆ ಅವರನ್ನು ನೋಡಿದ ನೋಟಕ್ಕೆ ಅವರು ಆಮೇಲೆ ಆ ವಾರವೆಲ್ಲ ಪೇಪರ್ ಕೇಳಲು ಬರಲಿಲ್ಲ.

ವಾಸನೆ ಚದುರಿದ ಮೇಲೆ ಮತ್ತೆ ರೆಗ್ಯುಲೇಟರ್ ಆನ್ ಮಾಡಿ, ಸೋಪಿನ ನೊರೆಯನ್ನು ರೆಗ್ಯುಲೇಟರ್‌ಗೂ ಪೈಪಿನ ತುದಿಗಳಿಗೂ ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಏಳುವುದಾದರೂ ಹೇಗೆ? ವಾಸನೆ ಹೊರಟಿದ್ದು ಕಟ್ಟೆಯ ಮೂಲೆಯ ಸ್ಟೀಲ್ ಡಬ್ಬಿಯಿಂದ. ಹಿಂದಿನ ರಾತ್ರಿ ಉಳಿದ ಮೂಲಂಗಿ ಹುಳಿ, ಮುಚ್ಚಳ ಓರೆ. ಎಲ್‌ಪಿಜಿಗೆ ಸ್ವಂತ ವಾಸನೆಯೇ ಇಲ್ಲ. ಸೋರಿದರೆ ಗೊತ್ತಾಗಲೆಂದು ಮರ್ಕ್ಯಾಪ್ಟಾನ್ ಎಂಬ ಗಂಧಕದ ಸಂಯುಕ್ತ ಬೆರೆಸುತ್ತಾರೆ. ಮೂಲಂಗಿಯ ಘಾಟೂ ಗಂಧಕದ್ದೇ. "ನನ್ನ ಮೂಗು ತಪ್ಪೇನಲ್ಲ ಬಿಡು, ಎರಡೂ ಒಂದೇ ಜಾತಿ" ಎಂದು ಅತ್ತೆ ಜಯ ಸಾಧಿಸಿದರು.

ಕೊನೆಗೆ "ಗ್ಯಾಸ್ ಸ್ಟವ್, ಕುಕ್ಕರ್, ಮಿಕ್ಸಿ ರಿಪೇರೀ" ಎಂದು ಬೀದಿಯಲ್ಲಿ ಕೂಗಿಕೊಂಡು ಬಂದವನನ್ನು ಕರೆದೆವು. ಆತ ಉರಿಯನ್ನು ನೋಡಿದ, ಜೆಟ್ ಬಿಚ್ಚಿ ಬೆಳಕಿಗೆ ಹಿಡಿದ, ನಮ್ಮನೆಯವರ ಮುಖ ನೋಡಿದ. "ದಬ್ಬಳಾನಾ ಸಾ?" ಅಂದ. ಅಳತೆ ನೋಡಿ ಹೊಸ ಜೆಟ್ ಹಾಕಿದ, ಬಿಗಿಯಾಗಿದ್ದ ನಾಬ್ ಒಳಗೆ ಗ್ರೀಸ್ ಹಚ್ಚಿದ. ನೀಲಿ ಉರಿ ಸುತ್ತಲೂ ಸಮವಾಗಿ ನಿಂತಿತು. ಬರ್ನರ್ ತೊಳೆಯುವುದು ನಮ್ಮ ಕೆಲಸ, ಜೆಟ್ಟು ನಾಬುಗಳ ಒಳಗೆ ಕೈ ಹಾಕುವುದು ಅವನ ಕೆಲಸ ಎಂಬುದು ಈಗ ನಮ್ಮ ಮನೆಯ ಕಾನೂನು.

ಹೊರಡುವ ಮುಂಚೆ ಆತ ಕಿತ್ತಳೆ ಬಣ್ಣದ ಪೈಪನ್ನು ಎಳೆದು ಅದರ ಮೇಲಿನ ಅಚ್ಚು ಓದಿದ. ಅದಕ್ಕೆ ಆಯಸ್ಸು 5 ವರ್ಷ, ನಮ್ಮದು ಯಾವಾಗಲೋ ದಾಟಿತ್ತು. ನಮ್ಮನೆಯವರು ಪರ್ಸ್ ತೆಗೆಯದೆ, "ಇನ್ನೊಂದು ವರ್ಷ ಓಡಲ್ವೇನಪ್ಪಾ?" ಎಂದರು.

"ಓಡುತ್ತೆ ಸಾ. ಆಮೇಲೆ ನೀವೂ ಓಡ್ಬೇಕಾಗುತ್ತೆ."

ಅತ್ತೆ ಒಳಗೆ ಹೋಗಿ ತಾವೇ ದುಡ್ಡು ತಂದುಕೊಟ್ಟರು.